ಮನೆಯ ಮಾತಿಗೆ ಹೊರಗಿನವರು

ದಾಂಪತ್ಯ ಮತ್ತು ಕುಟುಂಬ ಚಿಕಿತ್ಸೆ ಎಂಬುದು ಮನೋಚಿಕಿತ್ಸೆಯ ಒಂದು ಶಾಖೆ. ಒಬ್ಬರ ಮನಸ್ಸಿಗೆ ಬಂದ ತೊಂದರೆಯ ಬೇರನ್ನು ಅದು ಆ ಒಬ್ಬರೊಳಗೆ ಮಾತ್ರ ಹುಡುಕುವುದಿಲ್ಲ. ಅವರು ಮನೆಯಲ್ಲಿ ಯಾರೊಡನೆ ಮಾತು ಬಿಟ್ಟಿದ್ದಾರೆ, ಯಾರ ಮಾತನ್ನು ಯಾರ ಮೂಲಕ ಕೇಳಿಸಿಕೊಳ್ಳುತ್ತಾರೆ, ಯಾರ ಮೇಲಿನ ಸಿಟ್ಟು ಯಾರ ಮೇಲೆ ಇಳಿಯುತ್ತದೆ ಎಂಬ ಸಂಬಂಧಗಳ ಹೆಣಿಗೆಯಲ್ಲಿ ಹುಡುಕುತ್ತದೆ. ಗಂಡ ಹೆಂಡತಿ ಜೊತೆಯಾಗಿ ಚಿಕಿತ್ಸಕರ ಮುಂದೆ ಕುಳಿತರೆ ಅದು ದಾಂಪತ್ಯ ಚಿಕಿತ್ಸೆ. ತಂದೆ, ತಾಯಿ, ಮಕ್ಕಳು, ಅಗತ್ಯ ಬಿದ್ದರೆ ಅಜ್ಜ ಅಜ್ಜಿಯೂ ಬಂದು ಕುಳಿತರೆ ಅದು ಕುಟುಂಬ ಚಿಕಿತ್ಸೆ. ಶಿರಸಿ ತಾಲೂಕಿನ ಇಸಳೂರಿನಂತಹ ಊರುಗಳಿಂದ ಬೆಳಗಿನ ಬಸ್ಸು ಹಿಡಿದು ಪದವಿ ತರಗತಿಗೆ ಬರುವ, ಅಥವಾ ಸಿದ್ದಾಪುರ, ಯಲ್ಲಾಪುರಗಳ ಕಾಲೇಜುಗಳಲ್ಲಿ ಓದುವ ವಿದ್ಯಾರ್ಥಿಗಳಿಗೆ ಈ ಹೆಸರು ಅಪರಿಚಿತವಾಗಿರಬಹುದು, ಆದರೆ ಅದು ಕೈಗೆತ್ತಿಕೊಳ್ಳುವ ವಿಷಯ ಅಪರಿಚಿತವಲ್ಲ. ಆಸ್ತಿ ಹಿಸೆಯಾದ ಮೇಲೆ ಒಂದೇ ಅಂಗಳದ ಎರಡು ತುದಿಯಲ್ಲಿ ಮಾತಿಲ್ಲದೆ ಬದುಕುವ ಅಣ್ಣತಮ್ಮಂದಿರನ್ನು, ಸೊಸೆಗೆ ಹೇಳಬೇಕಾದುದನ್ನು ಮೊಮ್ಮಗಳಿಗೆ ಹೇಳುವ ಅಜ್ಜಿಯರನ್ನು ನೋಡುತ್ತಲೇ ಅವರಲ್ಲಿ ಅನೇಕರು ಬೆಳೆದಿರುತ್ತಾರೆ.

ಈ ಚಿಕಿತ್ಸೆಯ ಬಗ್ಗೆ ಕಾಲೇಜು ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿ ಕಾಣುವ ತಿಳಿವಳಿಕೆ ಕಲಬೆರಕೆಯದು. ಆಪ್ತಸಮಾಲೋಚನೆ, ಅಂದರೆ ತರಬೇತಿ ಪಡೆದವರೊಡನೆ ಗುಟ್ಟು ಕಾಯುವ ಭರವಸೆಯ ಮೇಲೆ ನಡೆಯುವ ಮಾತುಕತೆ, ಪರೀಕ್ಷೆಯ ಭಯಕ್ಕೆ, ಪ್ರೇಮ ಮುರಿದ ದುಃಖಕ್ಕೆ, ಆತ್ಮಹತ್ಯೆಯ ಯೋಚನೆಗೆ ಉಪಯುಕ್ತವೆಂದು ಒಪ್ಪುವವರು ಈಗ ಸಾಕಷ್ಟಿದ್ದಾರೆ; ಅದೇ ಸಮಾಲೋಚಕರ ಮುಂದೆ ಅಪ್ಪ ಅಮ್ಮನನ್ನು ಕರೆದೊಯ್ದು ಕೂರಿಸುವ ಮಾತು ಬಂದಾಗ ಮಾತ್ರ ಅವರಿಗೆ ಅದು ವಿಚ್ಛೇದನದ ಬಾಗಿಲಿಗೆ ಬಂದವರು ಮಾಡುವ ಕೆಲಸವಾಗಿ, ಇಲ್ಲವೇ ಬೆಂಗಳೂರಿನ ಉಳ್ಳವರ ರೂಢಿಯಾಗಿ ತೋರುತ್ತದೆ. ಈ ತಿಳಿವಳಿಕೆಯ ಒಂದು ಪಾಲು ದೂರದರ್ಶನದ್ದು. ಜೀ ಕನ್ನಡದ ‘ಬದುಕು ಜಟಕಾ ಬಂಡಿ’ಯಂತಹ ಕಾರ್ಯಕ್ರಮಗಳಲ್ಲಿ ಮನೆಯ ಜಗಳ ಕ್ಯಾಮೆರಾದ ಮುಂದೆ ಬಂದು ಕೂರುವುದನ್ನು ಬಾಲ್ಯದಲ್ಲಿ ಕಂಡ ತಲೆಮಾರು, ಹೊರಗಿನವರ ಮುಂದೆ ಮನೆಯ ಮಾತನ್ನು ಬಿಚ್ಚುವುದೆಂದರೆ ಹೀಗೆಯೇ ಎಂದು ಭಾವಿಸಿದರೆ ಅಚ್ಚರಿಯಿಲ್ಲ. ಇನ್ನೊಂದು ಪಾಲು ಇದಕ್ಕಿಂತ ಹಳೆಯದು, ಹೆಚ್ಚು ಆಳದ್ದು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯನ್ನೂ, 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಆಧರಿಸಿ ತೆಗೆದ ಚಿತ್ರವನ್ನೂ ಕನ್ನಡಿಗರು ಮರೆತಿಲ್ಲ. ಹೆರಿಗೆಯ ನಂತರ ಮನಸ್ಸು ಕೆಟ್ಟ ಕಾವೇರಿ ಚಿಕಿತ್ಸೆಯಿಂದ ಗುಣವಾಗಿ ಮರಳುತ್ತಾಳೆ, ಗಂಡನೂ ಸುತ್ತಲಿನವರೂ ಅವಳನ್ನು ಅನುಮಾನದಿಂದ ನೋಡಿ ನೋಡಿಯೇ ಮತ್ತೆ ಕಾಯಿಲೆಗೆ ತಳ್ಳುತ್ತಾರೆ. ಈ ಕಥೆಯಿಂದ ಬಹುಪಾಲು ಜನ ಕಲಿತದ್ದು ಹುಚ್ಚಿನ ಭಯವನ್ನು. ಆದರೆ ಅದು ಹೇಳುವುದು ಬೇರೆಯೇ: ಆಸ್ಪತ್ರೆ ಕಾವೇರಿಗೆ ಚಿಕಿತ್ಸೆ ಕೊಟ್ಟಿತು, ಅವಳ ಮನೆಗೆ ಯಾರೂ ಕೊಡಲಿಲ್ಲ.

ಆದರೂ ಅಜ್ಞಾನ ಮತ್ತು ಭಯ ಎಂಬ ಎರಡು ಪದಗಳಲ್ಲಿ ಈ ಭಾಗದ ವಿದ್ಯಾರ್ಥಿಗಳ ಹಿಂಜರಿಕೆಯನ್ನು ಮುಗಿಸಿಬಿಡುವುದು ಸರಿಯಲ್ಲ. ಅದರೊಳಗೆ ಒಂದು ವಿವೇಕದ ಪ್ರಶ್ನೆ ಇದೆ: ನಡುವೆ ಕೂತು ಮಾತಾಡಿಸುವವರು ಯಾರ ಕಡೆಯವರು? ಈ ಪ್ರಶ್ನೆ ಏಳುವುದು ಅವರು ಕಂಡ ಅನುಭವದಿಂದ. ಘಟ್ಟದ ಮೇಲಿನ ಈ ಮೂರು ತಾಲೂಕುಗಳಲ್ಲಿ ಗಂಡ ಹೆಂಡತಿಯ ಮನಸ್ತಾಪವೋ ಹಿಸೆಯ ತಕರಾರೋ ಮನೆಯ ಅಳತೆ ಮೀರಿದಾಗ ಹಿರಿಯರು ಸೇರುತ್ತಾರೆ. ಸೋದರಮಾವ, ದೊಡ್ಡಪ್ಪ, ಹವ್ಯಕರಲ್ಲಾದರೆ ಊರಿನಲ್ಲಿ ನಾಲ್ಕು ಜನ ಮಾತು ಕೇಳುವ ಒಬ್ಬ ಹೆಗಡೇರು ಅಥವಾ ಭಟ್ಟರು, ಬೇರೆ ಸಮುದಾಯಗಳಲ್ಲಿ ಊರಗೌಡರು ಅಥವಾ ಜಾತಿಯ ಮುಖಂಡರು ಬಂದು ಜಗಲಿಯಲ್ಲಿ ಕೂರುತ್ತಾರೆ. ಕವಳದ ಬಟ್ಟಲು ಒಂದು ಸುತ್ತು ಬರುತ್ತದೆ. ಅಡಿಕೆಯ ದರ, ಮಳೆ, ಕೊಳೆರೋಗದ ಮಾತು ಮುಗಿದ ಮೇಲೆ ಯಾರೋ ಗಂಟಲು ಸರಿಮಾಡಿಕೊಂಡು ವಿಷಯಕ್ಕೆ ಬರುತ್ತಾರೆ. ಹೆಂಗಸರು ಒಳಗಿನ ಬಾಗಿಲ ಹತ್ತಿರ ನಿಂತು ಕೇಳುತ್ತಾರೆ, ಕರೆದಾಗ ಬಂದು ಉತ್ತರಿಸುತ್ತಾರೆ. ಕಾಲೇಜಿಗೆ ಹೋಗುವ ಕೂಸು ಈ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಚಹಾ ಸೋಸುತ್ತಿರುತ್ತಾಳೆ, ಆದರೆ ಅವಳ ಕಿವಿ ಪೂರ್ತಿ ಜಗಲಿಯಲ್ಲಿರುತ್ತದೆ.

ಈ ಪದ್ಧತಿಯನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಲಾಗದು. ಅದಕ್ಕೆ ಹಣ ಬೇಕಿಲ್ಲ, ಅದು ಮನೆಬಾಗಿಲಿಗೇ ಬರುತ್ತದೆ, ಎರಡೂ ಮನೆಗಳ ಮೂರು ತಲೆಮಾರಿನ ಇತಿಹಾಸ ಅದಕ್ಕೆ ಬಾಯಿಪಾಠ, ಮತ್ತು ಅಲ್ಲಿ ಆಡಿದ ಮಾತಿಗೆ ಊರಿನ ಮರ್ಯಾದೆಯ ಒತ್ತು ಇರುವುದರಿಂದ ಒಪ್ಪಂದ ಕೆಲಕಾಲವಾದರೂ ನಿಲ್ಲುತ್ತದೆ. ಅದರ ತೊಡಕು ಇರುವುದೂ ಇದೇ ಗುಣಗಳಲ್ಲಿ. ಮನೆಯ ಇತಿಹಾಸ ಬಲ್ಲವರು ಆ ಇತಿಹಾಸದ ಪಾತ್ರಗಳೂ ಆಗಿರುತ್ತಾರೆ. ಸೋದರಮಾವ ತಂಗಿಯ ಕಡೆ, ದೊಡ್ಡಪ್ಪ ಆಸ್ತಿಯ ಕಡೆ, ಊರಿನ ದೊಡ್ಡವರು ಊರಿನ ಹೆಸರಿನ ಕಡೆ. ತೀರ್ಪು ಹೇಳುವುದು ಅವರ ಕೆಲಸ, ಕೇಳಿಸಿಕೊಳ್ಳುವುದು ಅಷ್ಟಾಗಿ ಅಲ್ಲ. ಅಲ್ಲಿ ಬಾಯಿಬಿಟ್ಟದ್ದು ಮುಂದಿನ ಮದುವೆಮನೆಯ ಊಟದ ಪಂಕ್ತಿಯಲ್ಲಿ ಮಾತಿನ ವಸ್ತುವಾಗದೆ ಇರುವುದೂ ಕಷ್ಟ. ಹೊರಗಿನ ಚಿಕಿತ್ಸಕರನ್ನು ವಿದ್ಯಾರ್ಥಿಗಳು ಅಳೆಯುವುದು ಈ ಪಂಚಾಯ್ತಿಯ ಅಳತೆಗೋಲಿನಲ್ಲೇ, ಬೇರೆ ಕೋಲು ಅವರ ಕೈಯಲ್ಲಿಲ್ಲ.

ಚಿಕಿತ್ಸೆಯ ಇತಿಹಾಸವನ್ನು ಸ್ವಲ್ಪ ತಿಳಿದರೆ ಅದು ಪೂರ್ತಿ ಪರದೇಶದ ಸರಕಲ್ಲ ಎಂಬುದು ಗೊತ್ತಾಗುತ್ತದೆ. ಅಮೆರಿಕದಲ್ಲಿ ದಾಂಪತ್ಯ ಸಲಹೆಗಾರರ ಸಂಘ 1942ರಲ್ಲೇ ಹುಟ್ಟಿತ್ತು. ಆದರೆ ಇಡೀ ಕುಟುಂಬವನ್ನು ಚಿಕಿತ್ಸೆಯ ಘಟಕವಾಗಿ ನೋಡುವ ಯೋಚನೆ ಬಲಿತದ್ದು 1950ರ ದಶಕದಲ್ಲಿ, ಮನೋವೈದ್ಯ ಮರ್ರೆ ಬೋವೆನ್ ಬೆಥೆಸ್ಡಾದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳ ಜೊತೆಗೆ ಅವರ ತಂದೆತಾಯಿಗಳನ್ನೂ ವಾರ್ಡಿಗೆ ಸೇರಿಸಿಕೊಂಡು ಗಮನಿಸತೊಡಗಿದಾಗ. ಅದೇ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆವರಣದಲ್ಲೇ ಡೇರೆ ಹಾಕಿ ಉಳಿಸಿಕೊಂಡರು; ಅವರಿಗೆ ಸಿದ್ಧಾಂತದ ಒತ್ತಾಸೆಯಿರಲಿಲ್ಲ, ಇದ್ದದ್ದು ಸಿಬ್ಬಂದಿಯ ಕೊರತೆ, ಆದರೆ ಮನೆಯವರು ಜೊತೆಗಿದ್ದ ರೋಗಿಗಳು ಬೇಗ ಚೇತರಿಸಿಕೊಳ್ಳುವುದು ಕಂಡುಬಂತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 1957ರ ಹೊತ್ತಿಗೆ ಇದನ್ನೇ ಪದ್ಧತಿಯಾಗಿ ಮಾಡಿಕೊಂಡಿತು. ಬೆಂಗಳೂರಿನಲ್ಲಿ 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡ ಮೇಲೆ ಕುಟುಂಬ ಮನೋವೈದ್ಯಕೀಯಕ್ಕೆ ಅಲ್ಲಿ ನೆಲೆ ಸಿಕ್ಕಿತು. ಕುಟುಂಬವೇ ಬಂದು ಉಳಿಯುವ ಅಲ್ಲಿನ ವಾರ್ಡಿನ ಅನುಭವವನ್ನು ಆರ್. ಎಸ್. ಭಟ್ಟಿ, ಎನ್. ಜಾನಕಿರಾಮಯ್ಯ ಮತ್ತು ಎಸ್. ಎಂ. ಚನ್ನಬಸವಣ್ಣ 1980ರಲ್ಲಿ ‘ಫ್ಯಾಮಿಲಿ ಪ್ರೊಸೆಸ್’ ಎಂಬ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದರು. ಆಸ್ಪತ್ರೆಗೆ ಒಬ್ಬನನ್ನು ಸೇರಿಸಿದರೆ ಮೂವರು ಜೊತೆಗೆ ಹೋಗಿ ಉಳಿಯುವ ನಮ್ಮ ರೂಢಿಯೇ ಇಲ್ಲಿ ಚಿಕಿತ್ಸೆಯ ಸಾಧನವಾಯಿತು.

ಬೋವೆನ್ ಮುಂದಿಟ್ಟ ಕಲ್ಪನೆಗಳಲ್ಲಿ ಕನ್ನಡದ ಓದುಗರಿಗೆ ಬೇಗ ಹತ್ತಿರವಾಗುವುದು ತ್ರಿಕೋನದ ಕಲ್ಪನೆ. ಇಬ್ಬರ ನಡುವಿನ ಬಿಗಿತ ತಾಳಲಾರದಷ್ಟಾದಾಗ ಅವರು ಮೂರನೆಯವರನ್ನು ಒಳಗೆ ಎಳೆದುಕೊಂಡು ಭಾರ ಹಂಚಿಕೊಳ್ಳುತ್ತಾರೆ. ಹೀಗೆ ಎಳೆಯಲ್ಪಡುವವರು ಹೆಚ್ಚಾಗಿ ಮಕ್ಕಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಇದನ್ನು ಬಲ್ಲದು, ಆದರೆ ಕೂಸು ಬಡವಾಗುವುದರಿಂದಲೇ ಜಗಳ ಒಂದು ಹದದಲ್ಲಿ ನಿಂತಿರುತ್ತದೆ ಎಂಬುದನ್ನು ಸೇರಿಸಿದ್ದು ಬೋವೆನ್. ಮಗ ಪರೀಕ್ಷೆಯಲ್ಲಿ ಫೇಲಾಗುತ್ತಿರುವ ತನಕ ಅಪ್ಪ ಅಮ್ಮನಿಗೆ ಅವನ ಚಿಂತೆಯೊಂದು ಸಮಾನವಾಗಿ ಇರುತ್ತದೆ. ಅವನು ಪಾಸಾಗಿ ಹಾಸ್ಟೆಲ್ಲಿಗೆ ಹೋದ ದಿನ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಬೇಕಾಗುತ್ತದೆ. ಅರ್ಜೆಂಟೀನಾ ಮೂಲದ ಕುಟುಂಬ ಚಿಕಿತ್ಸಕ ಸಾಲ್ವಡೋರ್ ಮಿನುಚಿನ್ 1974ರ ತಮ್ಮ ಪುಸ್ತಕದಲ್ಲಿ ಮನೆಯೊಳಗಿನ ಗೆರೆಗಳ ಬಗ್ಗೆ ಬರೆದರು: ತಂದೆತಾಯಿಯ ನಡುವಿನ ಮಾತು ಯಾವುದು, ಮಕ್ಕಳ ಕಿವಿಗೆ ಬೀಳಬಹುದಾದದ್ದು ಯಾವುದು, ಹಿರಿಯರ ಅಧಿಕಾರ ಎಲ್ಲಿ ನಿಲ್ಲಬೇಕು ಎಂಬ ಗೆರೆಗಳು ಅಳಿಸಿಹೋದರೂ ತೊಂದರೆ, ಗೋಡೆಯಾದರೂ ತೊಂದರೆ. ಅವಿಭಕ್ತ ಕುಟುಂಬಕ್ಕೆ ಈ ಮಾತನ್ನು ಹಾಗೆಯೇ ಹಚ್ಚಲಾಗದು. ಅತ್ತೆ, ಸೊಸೆ, ಮಗ ಒಂದೇ ಒಲೆಯ ಸುತ್ತ ಬದುಕುವಲ್ಲಿ ದಂಪತಿಗಳ ಗೆರೆಯನ್ನು ಅಮೆರಿಕದ ಅಳತೆಯಲ್ಲಿ ಎಳೆಯಹೊರಟ ಚಿಕಿತ್ಸಕ ಮನೆ ಒಡೆಯುವವನೆಂಬ ಹೆಸರು ಹೊತ್ತಾನು.

ಚಿಕಿತ್ಸೆಯ ಕೋಣೆಯಲ್ಲಿ ನಿಜಕ್ಕೂ ಏನು ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಹಲವು ಭಯಗಳು ತಾವೇ ಕಳಚುತ್ತವೆ. ಮೊದಲ ಒಂದೆರಡು ಭೇಟಿಗಳಲ್ಲಿ ಚಿಕಿತ್ಸಕರು ಹಾಳೆಯ ಮೇಲೆ ಮೂರು ತಲೆಮಾರಿನ ನಕ್ಷೆ ಬರೆಯುವುದುಂಟು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಮದುವೆಗೆ ಅಡ್ಡಗೆರೆ, ತೀರಿಹೋದವರ ಗುರುತಿನ ಮೇಲೆ ಗೀಟು, ಜಗಳವಿರುವಲ್ಲಿ ಅಂಕುಡೊಂಕು ಗೆರೆ, ಸಂಬಂಧ ಕಡಿದುಹೋದಲ್ಲಿ ತುಂಡಾದ ಗೆರೆ. ವಂಶವೃಕ್ಷ ಬರೆಯುವ ಮನೆತನಗಳಿಗೆ ಇದು ಹೊಸದೆನಿಸದು, ಆದರೆ ಇಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುವುದಿಲ್ಲ, ಮತ್ತು ಯಾರು ಯಾರಿಗೆ ಹುಟ್ಟಿದರು ಎಂಬುದಕ್ಕಿಂತ ಯಾರು ಯಾರೊಡನೆ ಮಾತು ಬಿಟ್ಟರು ಎಂಬುದು ಮುಖ್ಯವಾಗುತ್ತದೆ. ನಂತರದ ಪ್ರಶ್ನೆಗಳೂ ವಿಚಿತ್ರ ರೀತಿಯವು. ಅಪ್ಪನನ್ನು ಕುರಿತು ಅಪ್ಪನನ್ನೇ ಕೇಳದೆ, ಅಪ್ಪ ಸಿಟ್ಟುಮಾಡಿಕೊಂಡು ತೋಟಕ್ಕೆ ಹೋದಾಗ ಅಮ್ಮ ಏನು ಮಾಡುತ್ತಾರೆ ಎಂದು ಕಿರಿಮಗನನ್ನು, ಅಮ್ಮ ಊಟ ಬಿಟ್ಟಾಗ ಮನೆಯಲ್ಲಿ ಮೊದಲು ಗಮನಿಸುವವರು ಯಾರು ಎಂದು ಅಪ್ಪನನ್ನು ಕೇಳುತ್ತಾರೆ. ಇಂತಹ ಸುತ್ತು ಪ್ರಶ್ನೆಗಳು ಇಟಲಿಯ ಮಿಲಾನ್ ನಗರದ ಚಿಕಿತ್ಸಕರಿಂದ ಬಂದವು. ತಪ್ಪು ಯಾರದು ಎಂಬ ವಿಚಾರಣೆಯಿಂದ, ಇದು ಹೇಗೆ ತಿರುಗುತ್ತದೆ ಎಂಬ ಕುತೂಹಲಕ್ಕೆ ಮಾತನ್ನು ಸರಿಸುವುದು ಅವುಗಳ ಉದ್ದೇಶ. ಜಗಲಿಯ ಪಂಚಾಯ್ತಿಗೂ ಈ ಕೋಣೆಗೂ ಇರುವ ದೊಡ್ಡ ಅಂತರ ಇದು: ಇಲ್ಲಿ ತೀರ್ಪು ಇಲ್ಲ.

ಮದುವೆಯ ಬಗೆಗೆ ಈ ಭಾಗದ ಯುವಜನರ ನೋಟ ಈಗ ಒಂದು ಇಕ್ಕಟ್ಟಿನ ಕಾಲದಲ್ಲಿ ರೂಪುಗೊಳ್ಳುತ್ತಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹವ್ಯಕ ಸಮುದಾಯದಲ್ಲಿ ಅಡಿಕೆ ತೋಟ ನೋಡಿಕೊಂಡು ಊರಲ್ಲೇ ಉಳಿದ ಮಾಣಿಗಳಿಗೆ ಹೆಣ್ಣು ಸಿಗದ ಸ್ಥಿತಿ ವರ್ಷಗಳಿಂದ ಬೆಳೆಯುತ್ತ ಬಂದು, 2021ರಲ್ಲಿ ಅಖಿಲ ಹವ್ಯಕ ಮಹಾಸಭೆ ಉತ್ತರ ಪ್ರದೇಶ, ಬಿಹಾರಗಳಲ್ಲಿ ವಧು ಹುಡುಕುವ ಪ್ರಯತ್ನವನ್ನು ಬಹಿರಂಗವಾಗಿ ಪ್ರಕಟಿಸುವ ಮಟ್ಟಕ್ಕೆ ಮುಟ್ಟಿತು. ಕಾರಣ ಒಂದೇ ಅಲ್ಲ. ಓದಿದ ಹೆಣ್ಣುಮಕ್ಕಳು ಧಾರವಾಡ, ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ಉದ್ಯೋಗ ಹಿಡಿದರು, ಅವರ ತಾಯಂದಿರೇ ಮಗಳಿಗೆ ತನ್ನ ಬಾಳು ಬೇಡವೆಂದರು, ಹಿಸೆಯಾಗುತ್ತ ಹೋದ ತೋಟಗಳು ಸಣ್ಣವಾದವು. ಪರಿಣಾಮವಾಗಿ ಒಂದೇ ತರಗತಿಯ ಎರಡು ಸಾಲುಗಳಲ್ಲಿ ಮದುವೆ ಎಂಬುದು ಎರಡು ಬೇರೆ ಸಂಗತಿಗಳು. ಹಿಂದಿನ ಬೆಂಚಿನ ಹುಡುಗನಿಗೆ ಅದು ಸಿಗುವುದೋ ಇಲ್ಲವೋ ಎಂಬ ಪ್ರಶ್ನೆ, ಮುಂದಿನ ಬೆಂಚಿನ ಹುಡುಗಿಗೆ ಯಾವ ಷರತ್ತಿನ ಮೇಲೆ ಎಂಬ ಪ್ರಶ್ನೆ. ದಾಂಪತ್ಯ ಚಿಕಿತ್ಸೆಯ ಮಾತೆತ್ತಿದರೆ ಅವನಿಗೆ ಅದು ಆಮೇಲಿನ ಮಾತು ಎನಿಸುತ್ತದೆ, ಅವಳಿಗೆ ಗುಮಾನಿ ಹುಟ್ಟುತ್ತದೆ.

ಆ ಗುಮಾನಿಗೆ ಕಾರಣವಿದೆ. ಮನೆಯ ಹಿರಿಯರು ಹೆಣ್ಣುಮಗಳಿಗೆ ಕೊಡುವ ಸಲಹೆ ಬಹುತೇಕ ‘ಸ್ವಲ್ಪ ಹೊಂದ್ಕಂಡು ಹೋಗವು’ ಎಂಬುದರಲ್ಲಿ ಮುಗಿಯುತ್ತದೆ. ಠಾಣೆ, ನ್ಯಾಯಾಲಯಗಳ ಸುತ್ತಮುತ್ತ ಸಮಾಲೋಚನೆಯ ಹೆಸರಿನಲ್ಲಿ ನಡೆಯುವುದೂ ಎಷ್ಟೋ ಸಲ ಇದರ ಇನ್ನೊಂದು ರೂಪವೇ. 1955ರ ಹಿಂದೂ ವಿವಾಹ ಕಾಯ್ದೆಯೂ 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯೂ ದಂಪತಿಗಳನ್ನು ಒಂದುಗೂಡಿಸುವ ಪ್ರಯತ್ನವನ್ನು ನ್ಯಾಯಾಲಯದ ಕರ್ತವ್ಯವೆಂದು ಹೇಳುತ್ತವೆ, ಹಾಗಾಗಿ ಅಲ್ಲಿಯ ಸಮಾಲೋಚಕರ ಮೇಲೆ ರಾಜಿಯ ನಿರೀಕ್ಷೆ ಇದ್ದೇ ಇರುತ್ತದೆ. ಚಿಕಿತ್ಸೆಗೆ ಆ ಕಟ್ಟು ಇಲ್ಲ. ಬೇರೆಯಾಗುವ ನಿರ್ಧಾರವನ್ನು ಮಕ್ಕಳಿಗೆ ಗಾಯವಾಗದಂತೆ ತಲುಪುವುದೂ ಅದರ ಸಾರ್ಥಕ ಫಲವಾಗಬಹುದು. ಹೊಡೆತ ಬಡಿತ ಇರುವ ಮನೆಯಲ್ಲಂತೂ ಗಂಡ ಹೆಂಡತಿಯನ್ನು ಜೊತೆಗೆ ಕೂರಿಸುವುದೇ ಅಪಾಯ, ಏಕೆಂದರೆ ಕೋಣೆಯಲ್ಲಿ ಆಡಿದ ಮಾತಿಗೆ ಮನೆಯಲ್ಲಿ ಶಿಕ್ಷೆ ಕಾದಿರುತ್ತದೆ. ಕೌಟುಂಬಿಕ ದೌರ್ಜನ್ಯ ತಡೆಯ 2005ರ ಕಾಯ್ದೆಯಡಿ 2006ರಲ್ಲಿ ಬಂದ ನಿಯಮಗಳು ಇದನ್ನು ಅರ್ಥಮಾಡಿಕೊಂಡಿವೆ. ಆಪಾದಿತನು ತನ್ನ ಹಿಂಸೆಗೆ ಸಮರ್ಥನೆ ಕೊಡುವಂತಿಲ್ಲ ಎನ್ನುವ ಆ ನಿಯಮಗಳು, ವ್ಯಾಜ್ಯದಲ್ಲಿ ಆಸಕ್ತಿಯಿರುವವರು ಅಥವಾ ಯಾವುದೇ ಪಕ್ಷದ ಸಂಬಂಧಿಕರು, ಎಲ್ಲರೂ ಲಿಖಿತವಾಗಿ ಒಪ್ಪದ ಹೊರತು, ಸಮಾಲೋಚಕರಾಗುವಂತಿಲ್ಲ ಎಂದೂ ಹೇಳುತ್ತವೆ. ನಡುವೆ ಕೂತವರು ಯಾರ ಕಡೆಯವರು ಎಂದು ಚಹಾ ಸೋಸುತ್ತ ಜಗಲಿಗೆ ಕಿವಿಗೊಟ್ಟಿದ್ದ ಹುಡುಗಿ ಕೇಳಿಕೊಂಡ ಪ್ರಶ್ನೆಯೇ ಇಲ್ಲಿ ಕಾನೂನಿನ ನುಡಿಯಾಗಿದೆ.

ಎಲ್ಲ ಸಮುದಾಯಗಳೂ ಈ ಪ್ರಶ್ನೆಗೆ ಒಂದೇ ಉತ್ತರ ಕಂಡುಕೊಂಡಿಲ್ಲ. ಇಸ್ಲಾಮಿನ ಕೌಟುಂಬಿಕ ಪದ್ಧತಿಯಲ್ಲಿ ಗಂಡನ ಕಡೆಯಿಂದ ಒಬ್ಬರು, ಹೆಂಡತಿಯ ಕಡೆಯಿಂದ ಒಬ್ಬರು ಮಧ್ಯಸ್ಥರಾಗುತ್ತಾರೆ. ಪಕ್ಷವಿಲ್ಲದವರನ್ನು ಹುಡುಕುವ ಬದಲು ಎರಡು ಪಕ್ಷಗಳನ್ನೂ ತೂಗಿಸುವ ಉಪಾಯವದು. ಕ್ಯಾಥೊಲಿಕ್ ಧರ್ಮಪ್ರಾಂತ್ಯಗಳಲ್ಲಿ ಮದುವೆಗೆ ಮುನ್ನ ವಧೂವರರು ಸಿದ್ಧತಾ ಶಿಬಿರಕ್ಕೆ ಹೋಗುವ ರೂಢಿಯಿದೆ. ಹಣ, ಮಕ್ಕಳು, ಅತ್ತೆಮನೆ, ಜಗಳವಾಡುವ ರೀತಿ ಇವೆಲ್ಲ ಅಲ್ಲಿ ಮುಕ್ತವಾಗಿ ಚರ್ಚೆಗೆ ಬರುತ್ತವೆ. ಜಾತಕದ ಕೂಟ ನೋಡಲು ಒಂದು ದಿನ, ಛತ್ರ ಗೊತ್ತುಮಾಡಲು ಒಂದು ವಾರ ಕೊಡುವ ಉಳಿದ ಸಮುದಾಯಗಳು ಇದನ್ನು ಇನ್ನೂ ಗಂಭೀರವಾಗಿ ಯೋಚಿಸಿಲ್ಲ. ಕಾಯಿಲೆಯ ವಾಸನೆಯಿಲ್ಲದ ಕಾರಣ ಮದುವೆಗೆ ಮುಂಚಿನ ಸಮಾಲೋಚನೆಯೇ ವಿದ್ಯಾರ್ಥಿಗಳು ತೀರ ಸಲೀಸಾಗಿ ಒಪ್ಪಬಹುದಾದ ರೂಪ.

ಮಾನಸಿಕ ನೆರವು ಪಡೆಯುವ ಬಗ್ಗೆ ವಿದ್ಯಾರ್ಥಿಗಳ ಮನೋಭಾವವನ್ನು ಅಳೆಯಲು ಸಂಶೋಧಕರು ಬಹುಕಾಲ ಬಳಸಿದ ಸಾಧನ ಫಿಷರ್ ಮತ್ತು ಟರ್ನರ್ 1970ರಲ್ಲಿ ರೂಪಿಸಿದ 29 ಹೇಳಿಕೆಗಳ ಪ್ರಶ್ನಾವಳಿ. ತನಗೆ ನೆರವು ಬೇಕೆಂದು ಗುರುತಿಸುವುದು, ಜನ ಏನೆಂದುಕೊಂಡಾರು ಎಂಬುದನ್ನು ತಾಳಿಕೊಳ್ಳುವುದು, ಮನಸ್ಸು ಬಿಚ್ಚುವುದು, ಚಿಕಿತ್ಸಕರ ಮೇಲೆ ನಂಬಿಕೆ ಎಂಬ ನಾಲ್ಕು ಅಂಶಗಳನ್ನು ಅದು ಬೇರ್ಪಡಿಸುತ್ತದೆ, ಮತ್ತು ಗಂಡಸರಿಗಿಂತ ಹೆಂಗಸರು ನೆರವಿಗೆ ಹೆಚ್ಚು ಒಲವು ತೋರುತ್ತಾರೆಂಬುದು ಇಂತಹ ಅಧ್ಯಯನಗಳಲ್ಲಿ ಮತ್ತೆಮತ್ತೆ ಕಂಡುಬಂದ ಸಂಗತಿ. ಜಾಗೃತಿ ಕಾರ್ಯಕ್ರಮಗಳು ಎರಡನೆಯ ಅಂಶವಾದ ಕಳಂಕದ ಭಯದ ಮೇಲೆ ಸಾಕಷ್ಟು ಭಾಷಣ ಖರ್ಚುಮಾಡುತ್ತವೆ. ಆದರೆ ಸಣ್ಣ ಪಟ್ಟಣಗಳಲ್ಲಿ ಮುರಿದಿರುವುದು ನಾಲ್ಕನೆಯದಾದ ನಂಬಿಕೆ.

ಅದು ಮುರಿಯಲು ವ್ಯವಸ್ಥೆಯ ಕೊಡುಗೆಯೂ ಇದೆ. ಭಾರತದಲ್ಲಿ ದಾಂಪತ್ಯ ಮತ್ತು ಕುಟುಂಬ ಚಿಕಿತ್ಸಕರಿಗೆಂದು ಪ್ರತ್ಯೇಕ ಪರವಾನಗಿ ಇಲ್ಲ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು, ಆದರೆ ಸಮಾಲೋಚಕ ಎಂಬ ಫಲಕ ತೂಗುಹಾಕಲು ಅಂತಹ ತಡೆ ಕಾಣುವುದಿಲ್ಲ. ಕಾಲೇಜುಗಳಲ್ಲಿ ಈ ಹೊಣೆ ಹೆಚ್ಚಾಗಿ ಮಾರ್ಗದರ್ಶಕ ಅಧ್ಯಾಪಕರ ಹೆಗಲಿಗೆ ಬೀಳುತ್ತದೆ; ಅವರು ಒಳ್ಳೆಯವರೇ, ಆದರೆ ಆಂತರಿಕ ಅಂಕ ಕೊಡುವವರೂ ಅವರೇ, ಭಾನುವಾರದ ಸಂತೆಯಲ್ಲಿ ಅಪ್ಪನಿಗೆ ಎದುರಾಗುವವರೂ ಅವರೇ. 2025ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಸಮಾಲೋಚಕರನ್ನು ಹೊಂದಿರಬೇಕೆಂದು ನಿರ್ದೇಶಿಸಿತು. ಪದವಿ ಕಾಲೇಜುಗಳು ಇದನ್ನು ಕಾಗದದಲ್ಲಿ ಪೂರೈಸುತ್ತವೋ ಕೋಣೆಯಲ್ಲಿ ಪೂರೈಸುತ್ತವೋ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಡಿ ತಾಲೂಕು ಆಸ್ಪತ್ರೆಗಳಿಗೆ ನಿಗದಿತ ಮಂಗಳವಾರಗಳಲ್ಲಿ ಮನೋವೈದ್ಯರು ಬರುವ ಏರ್ಪಾಡಿದೆ, ಆದರೆ ಅಲ್ಲಿನ ಸರತಿಯಲ್ಲಿ ನಿಂತವರನ್ನು ಊರಿನ ಯಾರಾದರೂ ನೋಡಿಯೇ ನೋಡುತ್ತಾರೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಶಿರಸಿಯಿಂದ ನೂರು ಕಿಲೋಮೀಟರಿಗೂ ಆಚೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು, ಕೇಳುವವರಿಗೆ ಕರೆಮಾಡಿದವರ ಊರು, ಮನೆತನ ಯಾವುದೂ ಗೊತ್ತಿರಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ಮಾಹಿತಿಯನ್ನು ಗೋಪ್ಯವಾಗಿಡುವುದನ್ನು ರೋಗಿಯ ಹಕ್ಕಾಗಿಸಿದೆ ಎಂಬುದನ್ನು ಪದವಿ ತರಗತಿಗಳಲ್ಲಿ ಒಂದು ಸಲವಾದರೂ ಹೇಳಬೇಕು.

ಇಷ್ಟಾದರೂ ಫೋನಿನಲ್ಲಿ ಒಬ್ಬರಷ್ಟೇ ಮಾತಾಡಬಹುದು, ಕುಟುಂಬ ಚಿಕಿತ್ಸೆಗೆ ಕುಟುಂಬ ಬೇಕು. ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು ಒಟ್ಟಿಗೆ ಬಂದ ತಿಂಗಳುಗಳಲ್ಲಿ ಅಪ್ಪಯ್ಯನನ್ನು ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೊರಡಿಸುವುದು ಮನೆಯ ಯಾರ ಕೈಯಲ್ಲೂ ಆಗುವ ಕೆಲಸವಲ್ಲ. ಬೆಂಗಳೂರಿನಲ್ಲಿರುವ ಅಣ್ಣ ವೀಡಿಯೊ ಕರೆಯಲ್ಲಿ ಸೇರಬಹುದು, ಸಿಗ್ನಲ್ ಸಿಕ್ಕರೆ. ಬೋವೆನ್‌ರ ಇನ್ನೊಂದು ಕಾಣ್ಕೆ ಇಲ್ಲಿ ನೆರವಿಗೆ ಬರುತ್ತದೆ. ತ್ರಿಕೋನದಲ್ಲಿ ಸಿಲುಕಿದ ಒಬ್ಬರು ತಾವು ನಿಂತ ಜಾಗ ಬದಲಿಸಿದರೂ, ಅಂದರೆ ಒಬ್ಬರ ದೂರನ್ನು ಇನ್ನೊಬ್ಬರಿಗೆ ಸಾಗಿಸುವುದನ್ನು ನಿಲ್ಲಿಸಿ, ಸಿಟ್ಟಾಗದೆ, ಸಂಬಂಧ ಕಡಿದುಕೊಳ್ಳದೆ, ಇದನ್ನು ನೀವೇ ಅವರಿಗೆ ಹೇಳಿ ಎನ್ನಲು ಕಲಿತರೂ, ಉಳಿದವರು ಕೆಲಕಾಲ ಅವರನ್ನು ಹಳೆಯ ಜಾಗಕ್ಕೆ ಎಳೆದು ನೋಡಿ, ಆಮೇಲೆ ತಾವೂ ಸ್ವಲ್ಪ ಸರಿಯುತ್ತಾರೆ ಎಂದು ಬೋವೆನ್ ಕಂಡುಕೊಂಡರು; ತಮ್ಮ ಸ್ವಂತ ಕುಟುಂಬದಲ್ಲಿ ಇದನ್ನು ಪ್ರಯೋಗಿಸಿದ ಬಗೆಯನ್ನು 1967ರಲ್ಲಿ ಫಿಲಡೆಲ್ಫಿಯಾದ ಸಮ್ಮೇಳನವೊಂದರಲ್ಲಿ ಸಹೋದ್ಯೋಗಿಗಳ ಮುಂದಿಟ್ಟರು. ಹಾಗಾಗಿ ಒಬ್ಬ ವಿದ್ಯಾರ್ಥಿನಿ ಒಬ್ಬಳೇ ಸಮಾಲೋಚಕರ ಬಳಿ ಹೋಗುವುದೂ ಕುಟುಂಬ ಚಿಕಿತ್ಸೆಯ ಆರಂಭವಾಗಬಲ್ಲದು. ಇದರಲ್ಲಿ ಒಂದು ಅನ್ಯಾಯವೂ ಅಡಗಿದೆ: ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಅಧಿಕಾರವಿರುವ, ಅಪ್ಪ ಅಮ್ಮನ ನಡುವಿನ ಓಡಾಟದ ಕೆಲಸವನ್ನು ಮೊದಲೇ ಹೊತ್ತಿರುವ ಮಗಳಿಗೇ ಬದಲಾಗುವ ಕೆಲಸವನ್ನೂ ವಹಿಸಿದಂತಾಗುತ್ತದೆ. ಅವಳಿಗೆ ಮೊದಲು ಕಲಿಸಬೇಕಾದದ್ದು ಯಾವ ಯಾವ ಕೆಲಸ ತನ್ನದಲ್ಲ ಎಂಬುದನ್ನು, ಮತ್ತು ಅನುಭವಿ ಚಿಕಿತ್ಸಕರು ಸಾಮಾನ್ಯವಾಗಿ ಅಲ್ಲಿಂದಲೇ ಶುರುಮಾಡುತ್ತಾರೆ.